ಕೆಂಪು ಬೊಟ್ಟಿನ ತಾಟು

ಊರಲ್ಲಿ ಲಗ್ನವಾದರೆ ಮರುದಿನ ಎಂಜಲೆಲ್ಲ ಮಹಾಲಕ್ಷ್ಮಿಯ ಕೈಗೆ ಬರುತ್ತಿತ್ತು.

ಕಲ್ಯಾಣ ಮಂಟಪದ ಹಿಂದಿನ ಗೋಡೆಗೆ ಒತ್ತಿ ತಾಟುಗಳ ಗುಡ್ಡೆ ಬಿದ್ದಿರುತ್ತಿತ್ತು. ಬಿಳಿ ಥರ್ಮಾಕೋಲಿನವು, ಬೆಳ್ಳಿ ಹಾಳೆ ಅಂಟಿಸಿದ ಕಾಗದದವು, ಪ್ಲಾಸ್ಟಿಕ್ ಲೋಟಗಳು. ಅವುಗಳ ಮೇಲೆ ಅನ್ನ, ಸಾರು, ಅರ್ಧ ಕಚ್ಚಿ ಬಿಟ್ಟ ಬುಂದೆ ಉಂಡಿ, ಅಗಿದು ಉಗುಳಿದ ಎಲೆ ಅಡಿಕೆ. ನಾಯಿಗಳು ಎಳೆದಾಡಿ ಗಟಾರದ ತನಕ ಹರಡಿರುತ್ತಿದ್ದವು. ಮಹಾಲಕ್ಷ್ಮಿ ಮತ್ತು ಜೊತೆಗೆಲಸದ ರೂಬಿನಾ ಬಗ್ಗಿ ಬಗ್ಗಿ ಬಾಚಿ ಪಂಚಾಯ್ತಿಯ ಕಸದ ಗಾಡಿಗೆ ತುಂಬುತ್ತಿದ್ದರು. ಪಂಚಾಯ್ತಿ ಕೊಟ್ಟ ಕೈಗವಸು ಬೇಗ ಹರಿದುಹೋಗಿದ್ದವು. ಮತ್ತೆ ಬಂದಿರಲಿಲ್ಲ. ಬರಿಗೈ. ಸಾರಿನ ಖಾರ ಉಗುರಿನ ಸಂದಿಗೆ ಇಳಿದು ಸಂಜೆತನಕ ಉರಿಯುತ್ತಿತ್ತು. ಮನೆಗೆ ಹೋಗಿ ಎಷ್ಟು ಸೋಪು ತಿಕ್ಕಿದರೂ ರೊಟ್ಟಿ ಮುರಿಯುವಾಗ ಕೈಯಿಂದ ಬೇರೆಯವರ ಊಟದ ವಾಸನೆ ಬರುತ್ತಿತ್ತು.

ಎರಿಹೊಸೂರು ಗುಡಗೇರಿಗೆ ಸಮೀಪದ ದೊಡ್ಡ ಊರು. ಊರ ಹೊರಗೆ, ಗುಡಗೇರಿ ರಸ್ತೆಗೆ, ಮಹಾಲಕ್ಷ್ಮಿಯವರ ಕೇರಿಗೆ ಹತ್ತಿಸಿ ಪಂಚಾಯ್ತಿಯವರು ಕಸದ ಶೆಡ್ಡು ಕಟ್ಟಿದ್ದರು. ಬೇರೆಲ್ಲೂ ಜಾಗ ಸಿಗಲಿಲ್ಲವಂತೆ. ಆ ತಗಡಿನ ಕೆಳಗೆ ಕೂತು ಇಬ್ಬರು ಹೆಂಗಸರು ಊರಿನ ಕಸ ಬೇರೆ ಮಾಡುತ್ತಿದ್ದರು. ಹಸಿ ಕಸ ಗೊಬ್ಬರದ ಗುಂಡಿಗೆ. ಬಾಟಲಿ, ರಟ್ಟು, ಹಾಲಿನ ಪಾಕೀಟು ಹುಬ್ಬಳ್ಳಿಯ ಗುಜರಿ ವ್ಯಾಪಾರಿಗೆ. ಲಗ್ನದ ತಾಟು ಮಾತ್ರ ಎಲ್ಲಿಗೂ ಸಲ್ಲುತ್ತಿರಲಿಲ್ಲ. ಎಂಜಲು ಹತ್ತಿದ್ದನ್ನು ವ್ಯಾಪಾರಿ ಮುಟ್ಟುತ್ತಿರಲಿಲ್ಲ. ಮಣ್ಣಿಗೆ ಹಾಕಿದರೆ ಕೊಳೆಯುತ್ತಿರಲಿಲ್ಲ. ಕಡೆಗೆ ಸುಡುವುದು. ಸುಟ್ಟ ಹೊಗೆ ಮೊದಲು ಬರುವುದು ಕೇರಿಗೆ. ಮಹಾಲಕ್ಷ್ಮಿಯ ಅತ್ತೆ ದುರಗವ್ವ ಮೊದಲೇ ದಮ್ಮಿನವಳು. ಹೊಗೆ ಎದ್ದ ದಿನ ಗೋಡೆಗೆ ಒರಗಿ, ಬಾಯಿ ತೆರೆದು, ಗಾಳಿಯನ್ನು ಹುಡುಕುತ್ತ ಕೂಡುತ್ತಿದ್ದಳು. ಆ ಹೊಗೆ ಹಾಕಿದವಳು ಸ್ವಂತ ಸೊಸೆ. ಮುದುಕಿ ಒಂದು ದಿನವೂ ಅದನ್ನು ಆಡಿ ತೋರಿಸಲಿಲ್ಲ. ಆಡಿದ್ದರೇ ಮಹಾಲಕ್ಷ್ಮಿಗೆ ಹಗುರಾಗುತ್ತಿತ್ತು.

ಈ ಕೆಲಸ ಆಕೆಗೆ ಬಂದದ್ದು ಹೀಗೆ. ಊರಿನ ಉಳಿತಾಯದ ಗುಂಪುಗಳೆಲ್ಲ ಸೇರಿ ಒಂದು ಮಹಿಳಾ ಒಕ್ಕೂಟವಿತ್ತು. ಪಂಚಾಯ್ತಿಗೆ ಕಸದ ಗಾಡಿ ಬಂದಾಗ ಒಕ್ಕೂಟದ ಹೆಂಗಸೊಬ್ಬಳೇ ಅದನ್ನು ನಡೆಸಬೇಕು ಅಂದರು. ಯಾರು ಬರ್ತೀರಿ ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಸೆರಗು ನೋಡಿಕೊಂಡರು. ಹಿಂದಿನಿಂದ ಯಾರೋ, ಕೇರಿಯವರಿಗೆ ಕೊಡ್ರಿ, ಅವರಿಗೆ ರೂಢಿ ಐತಿ ಅಂದರು. ಮಹಾಲಕ್ಷ್ಮಿಗೆ ಅದು ಕೇಳಿಸಿತು. ಕೇಳಿಸಿದ ಮೇಲೂ ಕೈ ಎತ್ತಿದಳು. ಗಂಡ ಶಿವಾಜಿ ಗೋವಾಕ್ಕೆ ಸಿಮೆಂಟಿನ ಕೆಲಸಕ್ಕೆ ಹೋದವನು ಹಬ್ಬಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಮನೆ ನಡೆಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಆಕೆಗೆ ಗಾಡಿ ಕಲಿಯುವ ಆಸೆಯಿತ್ತು. ಕಲಿತಳು. ಲೈಸೆನ್ಸ್ ತಗೊಂಡಳು. ಆ ಕೇರಿಯಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಂಗಸು. ಆದರೆ ಡ್ರೈವರ್ ಎಂದು ಯಾರೂ ಕರೆಯಲಿಲ್ಲ. ಗಾಡಿಯ ಹಾಡು ಕೇಳಿದರೆ ಒಳಗಿನಿಂದ, ಕಸದಾಕಿ ಬಂದ್ಲು ಅನ್ನುತ್ತಿದ್ದರು.

ಮೇಲಿನ ಓಣಿಯವರು ಬಕೀಟನ್ನು ಕಟ್ಟೆಯ ತುದಿಗೆ ಇಟ್ಟು ಹಿಂದೆ ಸರಿಯುತ್ತಿದ್ದರು. ಆಕೆ ಸುರುವಿಕೊಂಡು ನೆಲಕ್ಕಿಟ್ಟರೆ ಅದರ ಹಿಡಿಕೆಗೆ ಒಂದು ಚೊಂಬು ನೀರು ಹಾಕಿ ಎತ್ತಿಕೊಳ್ಳುತ್ತಿದ್ದರು. ಬ್ಯಾಸಿಗೆಯಲ್ಲಿ ಒಮ್ಮೆ ಕುಡಿಯಲು ನೀರು ಕೇಳಿದಳು. ಬೊಗಸೆಗೆ ಮೇಲಿನಿಂದ ಸುರುವಿದರು. ಸೆರಗೆಲ್ಲ ತೊಯ್ದಿತು, ನೀರಡಿಕೆ ಹೋಗಲಿಲ್ಲ. ಅವತ್ತಿನಿಂದ ಬಾಟಲಿ ತಾನೇ ಒಯ್ದಳು.

ಒಕ್ಕೂಟದ ಅಧ್ಯಕ್ಷೆ ನೀಲಕ್ಕ ಒಬ್ಬಳು ಬೇರೆ ಥರ ಇದ್ದಳು. ಮೇಲಿನ ಓಣಿಯ ವಿಧವೆ. ಮಂದಿಯ ಮುಂದೆ ಎದ್ದು ಮಾತಾಡುವುದನ್ನು ಮಹಾಲಕ್ಷ್ಮಿಗೆ ಕಲಿಸಿದವಳು ಅವಳೇ. ಧಾರವಾಡಕ್ಕೆ ತರಬೇತಿಗೆ ಹೋದಾಗ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದರು, ಒಂದೇ ಸಾಲಿನಲ್ಲಿ ಕೂತು ಉಂಡರು. ನೀಲಕ್ಕ ತನ್ನ ಎಲೆಯ ಹೋಳಿಗೆ ಎತ್ತಿ ಇವಳ ಎಲೆಗೆ ಹಾಕಿದ್ದಳು. ಊರಿಗೆ ಬಂದ ಮೇಲೆ ಅಂಥಾದ್ದು ನಡೆಯಲಿಲ್ಲ. ನಡೆಯುವುದಿಲ್ಲ ಎಂದು ಮಹಾಲಕ್ಷ್ಮಿಗೂ ಗೊತ್ತಿತ್ತು. ಆದರೂ ಆ ಹೋಳಿಗೆಯನ್ನು ಆಕೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ದಿನವೆಲ್ಲ ಯಾರೂ ಮುಖ ಕೊಟ್ಟು ಮಾತಾಡದ ಕೆಲಸದಲ್ಲಿ ಇಟ್ಟುಕೊಳ್ಳಲು ಬೇರೇನೂ ಇರಲಿಲ್ಲ.

ಉಕ್ಕಿನ ತಾಟಿನ ವಿಚಾರ ಆಕೆಗೆ ಹೊಳೆದದ್ದು ರೂಬಿನಾಳ ಓಣಿಯಲ್ಲಿ. ಅಲ್ಲಿ ಮಸೀದಿಯ ಜಮಾತಿನ ಅಡುಗೆಯ ಡೇಗು, ಡಬರಿ, ತಾಟುಗಳಿದ್ದವು. ಯಾರ ಮನೆಯಲ್ಲಿ ನಿಕಾ ಇದೆಯೋ ಅವರು ಒಯ್ದು, ತೊಳೆದು, ತಿರುಗಿ ತಂದಿಡುತ್ತಿದ್ದರು. ಅಷ್ಟೇ. ಇದನ್ನೇ ಇಡೀ ಊರಿಗೆ ಮಾಡಿದರೆ ತಾಟಿನ ಗುಡ್ಡೆಯೂ ಇಲ್ಲ, ಹೊಗೆಯೂ ಇಲ್ಲ. ಒಕ್ಕೂಟದ ಸಭೆಯಲ್ಲಿ ಹೇಳಿದಳು. ನೀಲಕ್ಕ ಅಲ್ಲೇ ಒಪ್ಪಿದಳು. ಒಣ ಕಸ ಮಾರಿ ಬಂದ ಹಣದಲ್ಲಿ ಹುಬ್ಬಳ್ಳಿಯಿಂದ ತಾಟು, ಲೋಟ, ಬಟ್ಟಲು ತಂದರು. ಅಂಗಡಿಯವನು ಪ್ರತಿಯೊಂದರ ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದುಕೊಟ್ಟ: ಮಹಿಳಾ ಒಕ್ಕೂಟ, ಎರಿಹೊಸೂರ. ಟೆಂಪೋದಲ್ಲಿ ಬರುವಾಗ ಮಹಾಲಕ್ಷ್ಮಿ ಒಂದು ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಬಂದಳು. ಊರಿನ ಹೊಲಸಿನಿಂದ ಇಂಥಾದ್ದೊಂದು ಹುಟ್ಟಿತಲ್ಲ ಎಂದು ಆಕೆಗೆ ಅಗದಿ ಹಿಗ್ಗಾಗಿತ್ತು.

ಪಂಚಾಯ್ತಿಯ ಹಳೆಯ ವಾಚನಾಲಯದ ಕೋಣೆಯಲ್ಲಿ ತಾಟು ಇಟ್ಟರು. ಕೀಲಿ ಮಹಾಲಕ್ಷ್ಮಿಯ ಕೈಯಲ್ಲಿ. ಮೊದಲು ಒಯ್ದವನು ರೂಬಿನಾಳ ಓಣಿಯ ಇಲಿಯಾಸ್. ತಂಗಿಯ ನಿಕಾಕ್ಕೆ ಜಮಾತಿನ ತಾಟು ಸಾಲುವಷ್ಟಿರಲಿಲ್ಲ. ಆಮೇಲೆ ಕೇರಿಯ ಹಿರಿಯ ಉಡಚಪ್ಪ, ಮೊಮ್ಮಗನ ಜವಳಕ್ಕೆ. ಎರಡೂ ಸಲ ಮರುದಿನದ ಗಾಡಿಯಲ್ಲಿ ಬರೀ ಎಂಜಲು, ಎಲುಬು. ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ಮುಗಿಯಿತು. ಬೆಂಕಿ ಹಚ್ಚುವ ಪ್ರಶ್ನೆ ಇಲ್ಲ. ಅವತ್ತು ದುರಗವ್ವ ಅಂಗಳದಲ್ಲಿ ಕಾಲು ಚಾಚಿ ಕೂತು ಅವರೇಕಾಯಿ ಬಿಡಿಸಿದಳು. ಉಸಿರಿನ ಸೀಟಿ ಕೇಳಲಿಲ್ಲ.

ಮೇಲಿನ ಓಣಿಯಿಂದ ಮೊದಲು ಬಂದವನು ಮೈಲಾರಪ್ಪ. ಊರಿಗೆ ನಲ್ಲಿ ನೀರು ಬಿಡುವ ಪಂಚಾಯ್ತಿಯ ಆಳು. ಮಗನ ನಿಶ್ಚಯಕ್ಕೆ ತಾಟು ಬೇಕಿತ್ತು. ಕೋಣೆಯೊಳಗೆ ಬಂದು ಒಂದನ್ನು ಎತ್ತಿ, ಬಾರಿಸಿ ನೋಡಿ, ಚಲೋ ಅದಾವು ಅಂದ. ಆಮೇಲೆ, ಇವನ್ನು ತೊಳೆದವರು ಯಾರು ಎಂದು ಕೇಳಿದ. ನಾನು ಮತ್ತು ರೂಬಿನಾ ಎಂದಳು ಮಹಾಲಕ್ಷ್ಮಿ. ಅವನು ತಾಟನ್ನು ಮೆಲ್ಲಗೆ ಇಟ್ಟ. ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೋದ. ಗುಡಗೇರಿ ಸಂತೆಯ ದಿನ ಅವನ ಸೈಕಲ್ ಮೋಟರಿನ ಹಿಂದೆ ಥರ್ಮಾಕೋಲ್ ತಾಟಿನ ದೊಡ್ಡ ಗಂಟು ಕಟ್ಟಿತ್ತು. ನಿಶ್ಚಯದ ಮರುದಿನ ಅವನ್ನೂ ಮಹಾಲಕ್ಷ್ಮಿಯೇ ಬಾಚಿದಳು.

ಹಾಗೆ ಒಬ್ಬೊಬ್ಬರೇ ಬಂದರು, ನೋಡಿದರು, ಹೋದರು. ಒಬ್ಬರೂ ಒಯ್ಯಲಿಲ್ಲ. ರೂಢಿ ಆಗಲಿಕ್ಕೆ ಟೈಮ್ ಹಿಡಿಯುತ್ತದೆ ಎಂದು ಮಹಾಲಕ್ಷ್ಮಿ ತನಗೆ ತಾನೇ ಹೇಳಿಕೊಂಡಳು. ಇದು ರೂಢಿ ಆಗುವುದಿಲ್ಲ ಎಂದು ರೂಬಿನಾಳಿಗೆ ಮೊದಲೇ ತಿಳಿದಿತ್ತು.

ಅಷ್ಟರಲ್ಲಿ ಮೇಲಿನಿಂದ ಅಧಿಕಾರಿಗಳು ಬರುವ ಸುದ್ದಿ ಬಂತು. ಎರಿಹೊಸೂರಿನ ತಾಟಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಒಂದು ಲಗ್ನದಲ್ಲಿ ಅವು ಬಳಕೆಯಾಗುವುದನ್ನು ನೋಡಬೇಕು, ಫೋಟೋ ತೆಗೆಯಬೇಕು ಅಂದಿದ್ದರು. ಪಂಚಾಯ್ತಿ ಮೆಂಬರ್ ಅಮೋಘಸಿದ್ದಪ್ಪನ ಮಗಳ ಲಗ್ನ ಸನೇಕ ಬಂದಿತ್ತು. ಪಂಚಾಯ್ತಿಯಲ್ಲಿ ಸಭೆ ಕರೆದರು. ಮೆಂಬರುಗಳು ಕುರ್ಚಿಯಲ್ಲಿ, ಒಕ್ಕೂಟದ ಹೆಂಗಸರು ಚಾಪೆಯ ಮೇಲೆ. ಮಹಾಲಕ್ಷ್ಮಿ ಮತ್ತು ರೂಬಿನಾ ಬಾಗಿಲ ಬಾಜು.

ಅಮೋಘಸಿದ್ದಪ್ಪ ಕೆಟ್ಟ ಮಾತಾಡುವ ಮನುಷ್ಯನಲ್ಲ. ನಗುನಗುತ್ತಲೇ ಹೇಳಿದ. ತನ್ನ ಖರ್ಚಿನಲ್ಲಿ ಒಕ್ಕೂಟಕ್ಕೆ ಇನ್ನಷ್ಟು ತಾಟು ಕೊಡಿಸುತ್ತಾನಂತೆ. ಅದೇ ಅಂಗಡಿ, ಅದೇ ಅಳತೆ, ಅದೇ ಹೆಸರು. ಅವು ಗುಡಿಯ ಉಗ್ರಾಣದಲ್ಲಿ ಇರಲಿ, ಕೀಲಿ ನೀಲಕ್ಕನ ಕೈಯಲ್ಲಿ ಇರಲಿ. ಹಳೆಯವು ಎಲ್ಲಿದ್ದಾವೋ ಅಲ್ಲೇ ಇರಲಿ, ಆ ಕಡೆಯವರಿಗೆ ಆದಾವು. ಯಾರಿಗೂ ಕಡಿಮೆ ಮಾಡಿದಂತೆ ಆಗುವುದಿಲ್ಲ. ಆದರೆ ಎರಡೂ ನೋಡಲು ಒಂದೇ. ಕಲೆತರೆ ತಕರಾರು. ಆದ್ದರಿಂದ ಹಳೆಯ ತಾಟಿನ ತಳಕ್ಕೆ ಕೆಂಪು ಬಣ್ಣದ ಒಂದು ಬೊಟ್ಟು ಇಟ್ಟರೆ ಸಾಕು. ಬಣ್ಣದ ಡಬ್ಬಿ ತರಿಸಿಯೂ ಆಗಿದೆ. ಮಹಾಲಕ್ಷ್ಮಿಯೇ ಹಚ್ಚಲಿ.

ಚಾಪೆಯ ಮೇಲಿನ ಹೆಂಗಸರು ತಲೆ ಆಡಿಸಿದರು. ಮಹಾಲಕ್ಷ್ಮಿ ಎದ್ದು ನಿಂತಳು. ಏನು ಹೇಳಬೇಕು ಎಂದು ಎಣಿಸಿ ಎದ್ದದ್ದಲ್ಲ. ಕಾಲು ತಾವೇ ಎದ್ದವು.

"ಬಣ್ಣ ನಾ ಹಚ್ಚೂದಿಲ್ರಿ."

"ಯಾಕವಾ, ಕೈ ನೋವೇನು?" ಅಂದ ಅಮೋಘಸಿದ್ದಪ್ಪ. ಇಬ್ಬರು ನಕ್ಕರು.

"ಕೈ ಗಟ್ಟಿ ಅದಾವ್ರಿ ಮೆಂಬರ್ರ. ನೀವು ಕಚ್ಚಿ ಒಗದದ್ದನ್ನ ಬಳದು ಗಟ್ಟಿ ಆಗ್ಯಾವು. ನಿಮ್ಮ ಮೊಮ್ಮಕ್ಕಳು ಹೇತ ಚಡ್ಡಿ ಬ್ಯಾರೆ ಮಾಡೇನಿ. ನಿಮ್ಮ ಮನಿ ಹೆಣ್ಮಕ್ಕಳ ಮುಟ್ಟಿನ ಬಟ್ಟಿ ಎತ್ತೇನಿ. ಅವಾಗ ನಿಮ್ಮ ಮೈಲಿಗಿ ನನಗ ಹತ್ಲಿಲ್ಲ. ಈಗ ನಾ ತೊಳದ ತಾಟಿಗಿ ಏನ್ ಹತ್ತೇತಿ? ತೋರಸ್ರಿ."

ಪಂಚಾಯ್ತಿಯ ಅಧಿಕಾರಿ ಮೊಬೈಲಿನಲ್ಲಿ ಏನೋ ಹುಡುಕತೊಡಗಿದ. ನೀಲಕ್ಕ ತಲೆ ಎತ್ತಲಿಲ್ಲ. ಮಹಾಲಕ್ಷ್ಮಿ ಆಕೆಯನ್ನೇ ನೋಡುತ್ತ ನಿಂತಳು. ಒಂದು ಮಾತು ಬಂದೀತು ಎಂದು ಕಾದಳು. ಬರಲಿಲ್ಲ.

ಅಮೋಘಸಿದ್ದಪ್ಪನ ನಗು ಹೋಗಿತ್ತು. "ಜಾತಿ ಮಾತು ಯಾರರೆ ಎತ್ಯಾರೇನು ಇಲ್ಲಿ? ನೀನ ಎತ್ತಾಕತ್ತಿ. ಇದು ಸ್ವಚ್ಛತಾ ಮಾತು."

ಸಭೆ ಅಲ್ಲಿಗೆ ಮುಗಿಯಿತು. ಗಾಡಿಯ ಕೀಲಿಯನ್ನು ಯಾರೂ ತಿರುಗಿ ಕೇಳಲಿಲ್ಲ. ಊರಿನಲ್ಲಿ ಬೇರೆ ಯಾರೂ ಆ ಗಾಡಿ ಹತ್ತುವವರಿರಲಿಲ್ಲ.

ಶೆಡ್ಡಿಗೆ ಹೋಗುವ ದಾರಿಯಲ್ಲಿ ರೂಬಿನಾ ಒಂದು ಉಪಾಯ ಹೇಳಿದಳು. ಹೊಸ ತಾಟು ಬರಲಿ. ಲಗ್ನದ ಮುಂಚೆ ಹಳೆಯವನ್ನೂ ಹೊಸವನ್ನೂ ಕಲೆಸಿಬಿಡೋಣ. ಇಡೀ ಮೇಲಿನ ಓಣಿ ನಾವು ಉಂಡ ತಾಟಿನಲ್ಲಿ ಉಂಡು ಬೆರಳು ನೆಕ್ಕಲಿ. ನಾವಿಬ್ಬರೇ ನಗೋಣ, ಸಾಯುವ ತನಕ ನಗೋಣ. ಮಹಾಲಕ್ಷ್ಮಿಗೆ ಒಂದು ಗಳಿಗೆ ಆಸೆಯಾಯಿತು. ಆಮೇಲೆ ಬ್ಯಾಡ ಅಂದಳು.

"ಗೊತ್ತಿಲ್ಲದ ಉಂಡ್ರ ಅವರಿಗೇನು ಆತು? ಬಚ್ಚಿಟ್ಟವರು ನಾವಾದ್ವಿ. ಗೊತ್ತಿದ್ದು ಉಣ್ಣಲಿ. ಇಲ್ಲಾ, ಗೊತ್ತಿದ್ದು ಬ್ಯಾಡನ್ನಲಿ."

ಎರಡು ದಿನ ರೂಬಿನಾ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದಾಗ ಆಕೆಯ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಕೂತಿತ್ತು. ಮದರಂಗಿಯಲ್ಲ. ಬಾಗಿಲಿಗೆ ಹಚ್ಚುವ ಬಣ್ಣ. ಮಹಾಲಕ್ಷ್ಮಿ ನೋಡಿದಳು. ರೂಬಿನಾ ಕೈ ಮುಚ್ಚಿಕೊಳ್ಳಲಿಲ್ಲ. ಆಕೆಯ ಗಂಡ ಹಾಸಿಗೆ ಹಿಡಿದಿದ್ದ. ಮಗಳು ನಿಲೋಫರ್ ಕುಂದಗೋಳದ ಕಾಲೇಜಿಗೆ ಹೋಗುತ್ತಿದ್ದಳು. ಕೆಲಸ ಬೇಕೋ ಬೇಡವೋ ಎಂದು ಪಂಚಾಯ್ತಿಯವರು ಮನೆಗೇ ಬಂದು ಕೇಳಿದ್ದರು.

"ನಮ್ಮ ಮಂದಿ ಉಣ್ಣೂ ತಾಟಿಗೂ ನಾನ ಹಚ್ಚೇನಿ ಅಕ್ಕಾ," ಅಂದಳು ರೂಬಿನಾ. ಇಬ್ಬರೂ ಅವತ್ತಿನ ಕಸವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು ಆರಿಸಿದರು. ಬಾಟಲಿಗಳು ಚೀಲಕ್ಕೆ ಬೀಳುವ ಸಪ್ಪಳವಷ್ಟೇ.

ಲಗ್ನವಾಯಿತು. ಅಧಿಕಾರಿಗಳು ಬಂದರು, ಹೊಸ ತಾಟಿನಲ್ಲಿ ಉಂಡರು, ಫೋಟೋ ತೆಗೆಸಿಕೊಂಡರು. ಪ್ಲಾಸ್ಟಿಕ್ ಇಲ್ಲದ ಲಗ್ನ ಎಂದು ಮಂಟಪದ ಬಾಗಿಲಿಗೆ ಬ್ಯಾನರ್ ಕಟ್ಟಿದ್ದರು. ಬ್ಯಾನರ್ ಪ್ಲಾಸ್ಟಿಕ್ಕಿನದೇ.

ಮರುದಿನ ಮಹಾಲಕ್ಷ್ಮಿ ಗಾಡಿ ತಂದು ಮಂಟಪದ ಹಿಂದೆ ನಿಲ್ಲಿಸಿದಳು. ದೊಡ್ಡ ದೊಡ್ಡ ಟಬ್ಬುಗಳಲ್ಲಿ ಉಂಡ ತಾಟುಗಳು ತುಂಬಿದ್ದವು. ಮೇಲೆ ನೊಣ. ಮೈಲಾರಪ್ಪ ಪೈಪು ಹಿಡಿದು ನಿಂತಿದ್ದ. ತೊಳೆಯುವುದು ನಿನ್ನ ಕೆಲಸವಂತೆ ಎಂದು ಹೇಳಿದ. ತೊಳೆದು ಇಡು, ಆಮೇಲೆ ಮನೆಯ ಹೆಂಗಸರು ಬಂದು ಗೋಮೂತ್ರ ಹಾಕಿ ಇನ್ನೊಂದು ನೀರು ತೆಗೆದು ಗುಡಿಗೆ ಒಯ್ಯುತ್ತಾರೆ.

ಮಹಾಲಕ್ಷ್ಮಿ ಟಬ್ಬಿನ ಮುಂದೆ ನಿಂತಳು. ಎಷ್ಟೋ ವರ್ಷದ ಬಗ್ಗುವಿಕೆ ಬೆನ್ನಿನಲ್ಲಿತ್ತು. ಬೆನ್ನು ತಾನೇ ಬಗ್ಗಲು ಹೋಯಿತು. ಆಕೆ ಅದನ್ನು ಹಿಡಿದು ನಿಲ್ಲಿಸಿದಳು.

"ಮುಟ್ಟೂದಿಲ್ಲ," ಅಂದಳು.

"ಏನು?"

"ನಾ ಮುಟ್ಟಿದ್ರ ಮೈಲಿಗಿ ಆಗೂ ತಾಟು ನಾ ಮುಟ್ಟೂದಿಲ್ಲ. ಉಂಡವರು ತೊಳಕೊಳ್ಳಲಿ."

ಗಾಡಿ ತಿರುಗಿಸಿದಳು. ಪಂಚಾಯ್ತಿಯ ಮುಂದೆ ನಿಲ್ಲಿಸಿ, ಕೀಲಿಯನ್ನು ಅಧಿಕಾರಿಯ ಟೇಬಲ್ಲಿನ ಮೇಲೆ ಇಟ್ಟು, ನಡೆದು ಕೇರಿಗೆ ಬಂದಳು. ಊರ ನಡುವಿನ ಆ ರಸ್ತೆಯಲ್ಲಿ ಆಕೆ ಬರಿಗೈಯಲ್ಲಿ ನಡೆದದ್ದು ಎಷ್ಟೋ ದಿನದ ಮೇಲೆ. ಹಾಡು ಇಲ್ಲದ್ದರಿಂದ ಯಾರೂ ಬಾಗಿಲಿಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಮದುಮಗಳ ಅತ್ತಿಗೆಯರು, ಚಿಕ್ಕಮ್ಮಂದಿರು ಇಳಕಲ್ ಸೀರೆ ಎತ್ತಿ ಕಟ್ಟಿ, ಮೂಗಿಗೆ ಸೆರಗು ಹಿಡಿದು, ತಾಟು ತೊಳೆಯುತ್ತಿದ್ದಾರಂತೆ. ಕೇರಿಯ ಹೆಂಗಸರು ಬಾಯಿ ಮುಚ್ಚಿ ನಕ್ಕರು. ಸಂಜೆಗೆ ನಗು ನಿಂತಿತು. ಅಮೋಘಸಿದ್ದಪ್ಪನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ನಾಳೆ ಕೇರಿಯವರು ಬರುವುದು ಬೇಡ ಎಂದು ಹೇಳಿ ಕಳಿಸಿದ್ದರು.

ಉಡಚಪ್ಪ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಎರಡು ನಮೂನೆ ಇದ್ದರೆ ಇರಲಿ, ನಮಗೂ ಉಕ್ಕಿನ ತಾಟು ಬಂದಾವಲ್ಲ ಎಂದು ತಿಳಿ ಹೇಳಿದ. ಹಿಂದೆ ನಮ್ಮಪ್ಪ ಒಡೆದ ಗಡಿಗೆಯ ಚೂರಿನಲ್ಲಿ ಉಂಡವನು. ನೀನು ಒಬ್ಬಾಕೆ ಸೆಟೆದರೆ ಇಷ್ಟು ಮಂದಿಯ ಕೂಲಿ ಹೋಗುತ್ತದೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗೋವಾದಿಂದ ಶಿವಾಜಿ ಫೋನು ಮಾಡಿದ. ಅವನಿಗೂ ಯಾರೋ ಹೇಳಿದ್ದರು. ಒಂದು ಬೊಟ್ಟು ಬಣ್ಣಕ್ಕೆ ಕೆಲಸ ಕಳಕೊಂಡೆಯಾ ಎಂದು ಕೇಳಿದ. ಆಕೆ ಹ್ಞೂಂ ಅಂದಳು. ಆ ಕಡೆ ಮಷಿನ್ನಿನ ಸಪ್ಪಳ ಕೇಳುತ್ತಿತ್ತು. ಫೋನು ಇಟ್ಟರು.

ಒಂದು ಮಧ್ಯಾಹ್ನ ನೀಲಕ್ಕ ಬಂದಳು. ಕೇರಿಯೊಳಗೆ ಆಕೆ ಕಾಲಿಟ್ಟದ್ದು ಅದೇ ಮೊದಲು. ಅಂಗಳದಲ್ಲಿ ನಿಲ್ಲಲಿಲ್ಲ, ಒಳಗೇ ಬಂದು ಚಾಪೆಯ ಮೇಲೆ ಕೂತಳು. ನೀಲಕ್ಕ ಮೆತ್ತಗೆ ಮಾತಾಡಿದಳು. ನೀನಿಲ್ಲದೆ ಎಲ್ಲ ಹಾಳಾಗಿದೆ. ಗಾಡಿಗೆ ಬೇರೆ ಊರಿನ ಒಬ್ಬನನ್ನು ತಂದಿದ್ದಾರೆ, ಹಸಿ ಒಣ ಎಲ್ಲ ಒಂದೇ ಮಾಡಿ ಸುರುವುತ್ತಾನೆ. ಮೆಂಬರ್ ಮನಸ್ಸು ಕರಗಿದೆ. ತೊಳೆಯುವ ಕೆಲಸ ನಿನಗೆ ಬೇಡ. ಬೊಟ್ಟಿನ ಮಾತು ಎತ್ತಬೇಡ, ಗಾಡಿ ಹತ್ತು, ಅಷ್ಟೇ.

ದುರಗವ್ವ ಚಹಾ ಮಾಡಿದ್ದಳು. ಕಪ್ಪು ತಂದು ನೀಲಕ್ಕನ ಮುಂದೆ ಹಿಡಿದಳು. ನೀಲಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕಪ್ಪು ತಗೊಂಡಳು. ಕುಡಿದಳು. ಎರಡು ಗುಟುಕು. ಮಹಾಲಕ್ಷ್ಮಿಯ ಕಣ್ಣಲ್ಲಿ ನೀರು ತುಂಬಿತು. ಬಾಕಿ ಊರು ಹಾಳಾಗಿ ಹೋಗಲಿ, ಈಕೆ ಒಬ್ಬಳು ಸಾಕು ಅನ್ನಿಸಿತು. ಗಾಡಿ ಹತ್ತಿಬಿಡೋಣ ಎಂದೂ ಅನ್ನಿಸಿತು.

ನೀಲಕ್ಕ ಬಾಗಿ, ಧ್ವನಿ ಇಳಿಸಿ ಅಂದಳು. "ನಾ ಇಲ್ಲಿ ಚಾ ಕುಡದದ್ದು ಎಲ್ಲೂ ಆಡಬ್ಯಾಡ ಮಾಲಕ್ಷ್ಮಿ. ಓಣ್ಯಾಗ ಗೊತ್ತಾದ್ರ ನನ್ನ ಬದುಕಗೊಡೂದಿಲ್ಲ."

ಮಹಾಲಕ್ಷ್ಮಿ ಕೈ ಚಾಚಿದಳು.

"ಕಪ್ಪು ಕೊಡ್ರಿ."

"ಚಾ ಇನ್ನಾ ಐತಿ."

"ಕದ್ದು ಕುಡಿಯೂದಾದ್ರ ಬ್ಯಾಡ್ರಿ ಅಕ್ಕಾರ. ಧಾರವಾಡದಾಗೂ ಕದ್ದ ಉಂಡಿದ್ರಿ ಅಂತ ನನಗ ತಿಳೀಲೇ ಇಲ್ಲ."

ನೀಲಕ್ಕನ ಕೈಯಿಂದ ಕಪ್ಪು ತಗೊಂಡು ಹಿತ್ತಲಿಗೆ ಹೋಗಿ ಚೆಲ್ಲಿ ಬಂದಳು. ನೀಲಕ್ಕ ಅಳುತ್ತ ಎದ್ದು ಹೋದಳು. ಹೋಗುವಾಗ ಕೇರಿಯ ದಾರಿ ಬಿಟ್ಟು ಹೊಲದ ಬದುವಿಗೆ ಇಳಿದು ಸುತ್ತು ಹಾಕಿ ಹೋದಳು. ಮಹಾಲಕ್ಷ್ಮಿ ಅದನ್ನೂ ನೋಡಿದಳು. ಅವತ್ತು ಆಕೆ ಒಲೆ ಹಚ್ಚಲಿಲ್ಲ. ಅತ್ತೆ ಬೆನ್ನ ಮೇಲೆ ಕೈ ಇಟ್ಟಳು. ಆ ಕೈಯ ಭಾರವೂ ತಡೆಯಲಾಗಲಿಲ್ಲ.

ಹೊಸ ಡ್ರೈವರು ಕಸವನ್ನೆಲ್ಲ ಕೇರಿಯ ಬಾಜು ಸುರುವಿ ಬೆಂಕಿ ಹಚ್ಚುತ್ತಿದ್ದ. ದಿನಾ ಹೊಗೆ. ದುರಗವ್ವನ ಉಸಿರು ಮತ್ತೆ ಸೀಟಿ ಹಾಕತೊಡಗಿತು. ನೀ ಇದ್ದಾಗಲೇ ಚಲೋ ಇತ್ತು ಎಂದು ಕೇರಿಯವರು ಮಹಾಲಕ್ಷ್ಮಿಗೇ ಅಂದರು. ಬೈದಂತೆಯೂ ಇತ್ತು, ಹೊಗಳಿದಂತೆಯೂ ಇತ್ತು. ಆಕೆ ಪಕ್ಕದ ಊರಿನ ಹೊಲಗಳಿಗೆ ಮೆಣಸಿನಕಾಯಿ ಬಿಡಿಸಲು ಹೋಗತೊಡಗಿದಳು. ನಸುಕಿನಲ್ಲಿ ಹೋಗಿ ಕತ್ತಲಾಗುವಾಗ ಬರುವುದು. ಎಂಜಲಿನ ಖಾರದ ಬದಲು ಈಗ ಕಾಯಿಯ ಖಾರ. ಕೈ ಉರಿಯುವುದು ತಪ್ಪಲಿಲ್ಲ.

ಉಡಚಪ್ಪನ ಬಸುರಿ ಮಗಳಿಗೆ ಕುಬಸ ಮಾಡಿದರು. ಕೇರಿಗೆಲ್ಲ ಊಟ. ಮಹಾಲಕ್ಷ್ಮಿಯನ್ನೂ ಕರೆದರು. ಸಾಲಿನಲ್ಲಿ ಕೂತಾಗ ತಾಟು ಬಂದವು. ಆಕೆ ತನ್ನ ಮುಂದಿನದನ್ನು ಬೋರಲು ಹಾಕಿದಳು. ಬೊಟ್ಟು ಕಂಡಿತು. ಅಷ್ಟು ಮಾತಾಗಿತ್ತು, ಅಷ್ಟು ಜಗಳವಾಗಿತ್ತು. ಕಣ್ಣಿಂದ ನೋಡಿದ್ದು ಅವತ್ತೇ. ಹೆಬ್ಬೆರಳಿನಷ್ಟು ಅಗಲ. ಎಲ್ಲ ತಾಟಿಗೂ ಒಂದೇ ಜಾಗದಲ್ಲಿ, ಅಂಚು ಒಡೆಯದಂತೆ, ನೀಟಾಗಿ ಹಚ್ಚಿದ್ದಳು ರೂಬಿನಾ.

ತಾಟು ತಿರುಗಿ ನೆಲಕ್ಕಿಟ್ಟಳು. ಉಣ್ಣಲಿಲ್ಲ. ಸುಮ್ಮನೆ ಉಣ್ಣು ಎಂದು ಉಡಚಪ್ಪ ಗದರಿದ. ಮಂದಿಯೆಲ್ಲ ತಿರುಗಿ ನೋಡಿದರು. ಬಸುರಿ ಹುಡುಗಿಯ ಮುಖ ಸಣ್ಣದಾಯಿತು.

"ಎಲ್ಲಾರೂ ಉಣ್ರಿ," ಅಂದಳು ಮಹಾಲಕ್ಷ್ಮಿ. "ಉಂಡ ತಾಟು ನನ್ನ ಕೈಯಾಗ ಕೊಡ್ರಿ. ಅಷ್ಟ ಸಾಕು."

ಊಟ ಮುಗಿದ ಮೇಲೆ ತಾಟುಗಳನ್ನು ಬುಟ್ಟಿಯಲ್ಲಿ ಹೊತ್ತು ರಸ್ತೆಯ ಬದಿಯ ನಲ್ಲಿಗೆ ತಂದಳು. ಹಿತ್ತಲಲ್ಲಿ ಕೂತು ತೊಳೆಯಬಹುದಿತ್ತು. ರಸ್ತೆಗೇ ಕೂತಳು. ಒಂದು ಬಾಟಲಿ ಸೀಮೆಎಣ್ಣೆ, ಇಟ್ಟಂಗಿ ಪುಡಿ, ತೆಂಗಿನ ನಾರು. ಒಂದೊಂದನ್ನೇ ತೊಡೆಯ ನಡುವೆ ಅವಚಿ ಹಿಡಿದು ತಿಕ್ಕಿದಳು. ಬಣ್ಣ ಸುಲಭಕ್ಕೆ ಬಿಡುವಂಥದ್ದಲ್ಲ. ಮೊದಲು ಜಿಗಟಾಗುತ್ತಿತ್ತು, ಆಮೇಲೆ ಸುರುಳಿಯಾಗಿ ಏಳುತ್ತಿತ್ತು. ಉಗುರು ಹಾಕಿ ಕೆರೆದಳು. ಉಗುರು ಸೀಳಿತು. ಬಣ್ಣ ಯಾವುದು, ರಕ್ತ ಯಾವುದು ಗೊತ್ತಾಗದಂತಾಯಿತು. ಗುಡಗೇರಿ ಕಡೆಯ ಬಸ್ಸು ಹೋಯಿತು, ಟ್ರ್ಯಾಕ್ಟರ್ ಹೋದವು, ಮೇಲಿನ ಓಣಿಯವರು ಹೋದರು. ಎಲ್ಲರೂ ನೋಡಿದರು. ಕೇರಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಒಬ್ಬರೂ ಬಂದು ಬಾಜು ಕೂಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ತಾಟು ತೊಳೆದು ಬುಟ್ಟಿಗೆ ಇಟ್ಟಳು. ಕಾಲು ಜೋಮು ಹಿಡಿದು ಏಳಲು ಬರಲಿಲ್ಲ. ನೆಲಕ್ಕೆ ಕೈ ಊರಿ ಎದ್ದಳು.

ವಾಚನಾಲಯದ ಕೋಣೆಯ ಕೀಲಿ ಈಗ ರೂಬಿನಾಳ ಕೈಯಲ್ಲಿತ್ತು. ರೂಬಿನಾ ತಾಟುಗಳನ್ನು ತಿರುಗಿಸಿ ನೋಡಿದಳು. ಮಹಾಲಕ್ಷ್ಮಿಯ ಬೆರಳು ನೋಡಿದಳು. ಒಳಗಿಟ್ಟು ಕೀಲಿ ಹಾಕಿದಳು.

ಸುದ್ದಿ ಅಮೋಘಸಿದ್ದಪ್ಪನಿಗೆ ಮುಟ್ಟಿತು. ಮತ್ತೆ ಬಣ್ಣದ ಡಬ್ಬಿ ಬಂತು. ರೂಬಿನಾ ಮತ್ತೆ ಹಚ್ಚಿದಳು. ಈ ಸಲ ಬೊಟ್ಟು ವಾರೆಕೋರೆಯಾಗಿದ್ದವು, ತೆಳ್ಳಗಿದ್ದವು. ಕೇರಿಯಲ್ಲಿ ಯಾರದೋ ತಿಥಿಯ ಊಟವಾಯಿತು. ಮಹಾಲಕ್ಷ್ಮಿ ಮತ್ತೆ ಬುಟ್ಟಿ ಹೊತ್ತು ನಲ್ಲಿಗೆ ಬಂದಳು, ಮತ್ತೆ ಎಲ್ಲರ ಕಣ್ಣೆದುರು ಕೂತು ಕೆರೆದಳು.

ಮೂರನೆಯ ಸಲ ರೂಬಿನಾ ಹಚ್ಚುವುದಿಲ್ಲ ಎಂದಳು. ಕೆಲಸ ತೆಗೆಯುತ್ತೇವೆ ಅಂದರು. ತೆಗೀರಿ ಅಂದಳು. ಬೇರೆ ಯಾರಾದರೂ ಹಚ್ಚಲಿ ಎಂದು ಪಂಚಾಯ್ತಿಯಿಂದ ಒಕ್ಕೂಟಕ್ಕೆ ಹೇಳಿ ಕಳಿಸಿದರು. ಒಬ್ಬಳಿಗೆ ಸೊಂಟ ನೋವು ಬಂತು. ಒಬ್ಬಳ ಮನೆಗೆ ನೆಂಟರು ಬಂದರು. ಒಬ್ಬಳು ಕೋಣೆಯ ಬಾಗಿಲ ತನಕ ಬಂದು, ಹೊಸ್ತಿಲಲ್ಲಿ ನಿಂತು, ತಿರುಗಿ ಹೋದಳು. ಬೊಟ್ಟು ಇಡಬೇಕಾದರೆ ಆ ತಾಟು ಮುಟ್ಟಬೇಕಿತ್ತು. ಮೇಲಿನ ಓಣಿಯಲ್ಲಿ ಮುಟ್ಟುವ ಕೈ ಒಂದೂ ಇರಲಿಲ್ಲ.

ಡಬ್ಬಿಯ ಬಣ್ಣ ಹಾಗೇ ಕೆನೆಗಟ್ಟಿ ಒಣಗಿತು.

ಮಹಾಲಕ್ಷ್ಮಿಗೆ ಗಾಡಿ ತಿರುಗಿ ಸಿಗಲಿಲ್ಲ. ಗುಡಿಯ ತಾಟು ಗುಡಿಯಲ್ಲೇ ಉಳಿದವು. ರೂಬಿನಾಳನ್ನು ಕಸದ ಕೆಲಸದಿಂದ ಬಿಡಿಸಿದರು. ಕೋಣೆಯ ಕೀಲಿಯನ್ನು ಮಾತ್ರ ಬೇರೆ ಯಾರೂ ತಗೊಳ್ಳಲಿಲ್ಲವಾಗಿ ಅದು ಆಕೆಯ ಬಳಿಯೇ ಉಳಿಯಿತು. ಮೆಣಸಿನಕಾಯಿ ಹೊಲಕ್ಕೆ ಆಕೆಯೂ ಬರತೊಡಗಿದಳು. ಇಬ್ಬರೂ ಬೇರೆ ಬೇರೆ ಸಾಲು ಹಿಡಿಯುತ್ತಿದ್ದರು. ಮಾತು ಇನ್ನೂ ಹುಟ್ಟಿರಲಿಲ್ಲ.

ಬ್ಯಾಸಿಗೆಗೆ ಕೇರಿಯಲ್ಲೊಂದು ಲಗ್ನವಾಯಿತು. ಮಹಾಲಕ್ಷ್ಮಿ ಹೊಲದಿಂದ ತಡವಾಗಿ ಬಂದು ಸಾಲಿನ ತುದಿಗೆ ಕೂತಳು. ಆಕೆಯ ಬಾಜು ಜಾಗ ಖಾಲಿ ಇತ್ತು. ಅದು ಖಾಲಿಯಾಗಿಯೇ ಉಳಿಯಿತು. ಮುಂದೆ ತಾಟು ಬಂತು. ತೆಗೆದು ಬೋರಲು ಹಾಕಿ ನೋಡಿದಳು. ಬರೀ ಉಕ್ಕು. ತಿಕ್ಕಿದ ಗೀರುಗಳು ಅಡ್ಡಾದಿಡ್ಡಿ ಹೊಳೆಯುತ್ತಿದ್ದವು.

ತಾಟು ತಿರುಗಿಸಿ ನೆಲಕ್ಕಿಟ್ಟು, ಬಡಿಸುವವನನ್ನು ನೋಡಿ ಅಂದಳು:

"ನೀಡಪಾ. ಹಸದೇನಿ."